ಜಿಪಿಎಸ್ ಹೇಳಿದ್ದನ್ನೆಲ್ಲ ನಂಬಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ಕಣ್ಣು ಕಾಣದವರು ಮೊಬೈಲಿನಿಂದ ದಾರಿ ಹೇಳಿಸಿಕೊಂಡು ಓಡಾಡುತ್ತಾರಲ್ಲ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಅಂತ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. ನಾನೂ ಬಿಳಿ ಕೋಲು ಹಿಡಿದೇ ನಡೆಯುವವನು, ಹಾಗಾಗಿ ಅಲ್ಲಲ್ಲಿ ನನ್ನ ಅಭಿಪ್ರಾಯವೂ ನುಸುಳಿದೆ.

ಪ್ರಶ್ನೆ: ಸರ್, ನನಗೆ ಸ್ವಲ್ಪವೂ ಕಣ್ಣು ಕಾಣುವುದಿಲ್ಲ. ನಾನು ರಸ್ತೆಯ ಎಡಗಡೆ ಇದ್ದರೂ ಮೊಬೈಲ್ ಬಲಗಡೆ ಅನ್ನುತ್ತದೆ. ಒಮ್ಮೊಮ್ಮೆ ಪಕ್ಕದ ರಸ್ತೆಗೇ ಹಾರಿಬಿಡುತ್ತದೆ. ಫೋನ್ ಹಾಳಾಗಿದೆಯಾ? ಇದಕ್ಕಿಂತ ದುಬಾರಿ ಫೋನ್ ತಗೊಂಡರೆ ಸರಿಹೋಗುತ್ತಾ?

ಫೋನ್ ಚೆನ್ನಾಗಿಯೇ ಇದೆ. ನೀವು ಅದಕ್ಕೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳುತ್ತಿದ್ದೀರಿ, ಅದು ಗೊತ್ತಿಲ್ಲ ಅನ್ನದೆ ಏನೋ ಒಂದು ಹೇಳಿಬಿಡುತ್ತಿದೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಅಲ್ಲಿಂದ ಹೊರಟ ರೇಡಿಯೋ ಸಿಗ್ನಲ್ ಫೋನಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು, ಕಡಿಮೆ ಅಂದರೆ ನಾಲ್ಕು ಉಪಗ್ರಹಗಳ ಲೆಕ್ಕ ಸೇರಿಸಿ, ನೀವು ಎಲ್ಲಿದ್ದೀರಿ ಅಂತ ಫೋನ್ ಅಂದಾಜು ಮಾಡುತ್ತದೆ. ಈ ಅಳತೆಯಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಇಷ್ಟೆಲ್ಲ ಇದ್ದೂ, ತೆರೆದ ಆಕಾಶದ ಕೆಳಗೆ ಸಾಮಾನ್ಯ ಮೊಬೈಲ್ ಸುಮಾರು 4.9 ಮೀಟರ್ ಒಳಗೆ ಜಾಗ ಹಿಡಿಯುತ್ತದೆ. ಇದು ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರವೇ ಕೊಡುವ ಅಂಕಿ. ಕಾರಿನವರಿಗೆ ಇದು ಧಾರಾಳ ಸಾಕು. ಆದರೆ ಒಂದು ಸಣ್ಣ ರಸ್ತೆಯ ಅಗಲವೇ ಐದಾರು ಮೀಟರ್ ಅಲ್ವಾ? ಅಂದರೆ ರಸ್ತೆಯ ಎಡ ಬಲ ಎರಡೂ ಆ ತಪ್ಪಿನ ಒಳಗೇ ಬಂದುಬಿಡುತ್ತವೆ. ಯಾವ ಬದಿ ಅಂತ ಫೋನ್ ಹೇಳಿದರೆ ಅದನ್ನು ಬರೀ ಊಹೆ ಅಂತಲೇ ತಿಳಿಯಿರಿ.

ಪಕ್ಕದ ರಸ್ತೆಗೆ ಹಾರುವುದಕ್ಕೆ ಕಾರಣ ಬೇರೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ನೇರವಾಗಿ ಬರುವುದಿಲ್ಲ, ಗೋಡೆಗೆ ಬಡಿದು ತಿರುಗಿ ಬರುತ್ತದೆ. ಖಾಲಿ ಹಾಲ್‌ನಲ್ಲಿ ಯಾರಾದರೂ ಕೂಗಿದರೆ ದನಿ ಯಾವ ಮೂಲೆಯಿಂದ ಬಂತು ಅಂತ ನಮಗೆ ಗೊಂದಲ ಆಗುವುದಿಲ್ಲವೇ, ಅದೇ ಕಥೆ. ಸುತ್ತಿ ಬಂದ ಸಿಗ್ನಲ್ಲನ್ನು ನೇರ ಬಂದದ್ದು ಅಂದುಕೊಂಡು ಫೋನ್ ಲೆಕ್ಕ ಹಾಕುತ್ತದೆ, ಇಪ್ಪತ್ತು ಮೂವತ್ತು ಮೀಟರ್ ಆಚೆಗೆ ನಿಮ್ಮನ್ನು ಎತ್ತಿ ಇಡುತ್ತದೆ. ಫ್ಲೈಓವರ್ ಕೆಳಗೆ, ದಟ್ಟ ಮರಗಳ ಕೆಳಗೆ ಕೂಡ ಲೆಕ್ಕ ಕೆಡುತ್ತದೆ. ಇದರ ಮೇಲೆ ಕೆಲವು ಮ್ಯಾಪ್ ಆ್ಯಪ್‌ಗಳಿಗೆ ಇನ್ನೊಂದು ಚಾಳಿ ಇದೆ. ನೀವು ಎಲ್ಲಿದ್ದರೂ ಹತ್ತಿರದ ರಸ್ತೆಯ ಗೆರೆಯ ಮೇಲೆ ತಂದು ಕೂರಿಸುತ್ತವೆ. ಕಾರು ಯಾವಾಗಲೂ ರಸ್ತೆ ಮೇಲೇ ಇರುತ್ತದೆ ಅನ್ನುವ ಧೈರ್ಯ ಅವಕ್ಕೆ. ಹತ್ತಿರದ ರಸ್ತೆ ಯಾವುದು ಅಂತಲೇ ತಪ್ಪಾದಾಗ ತಪ್ಪು ರಸ್ತೆಯ ಹೆಸರನ್ನೂ ಅಷ್ಟೇ ಗತ್ತಿನಿಂದ ಹೇಳುತ್ತವೆ.

ದುಬಾರಿ ಫೋನಿನ ವಿಷಯ. 2018ರಿಂದ ಈಚೆಗೆ ಕೆಲವು ಫೋನ್‌ಗಳಲ್ಲಿ ಎರಡು ಫ್ರೀಕ್ವೆನ್ಸಿಯ ಜಿಪಿಎಸ್ ಬಂದಿದೆ, ವಿವರದಲ್ಲಿ ಎಲ್1 ಮತ್ತು ಎಲ್5 ಅಂತ ಬರೆದಿರುತ್ತದೆ. ಗೋಡೆಗೆ ಬಡಿದು ಬಂದ ಸಿಗ್ನಲ್ಲನ್ನು ಗುರುತಿಸಿ ಬದಿಗಿಡಲು ಎಲ್5 ಸಹಾಯ ಮಾಡುತ್ತದೆ, ಕಟ್ಟಡಗಳ ನಡುವೆ ಓಡಾಡುವವರಿಗೆ ಇದರಿಂದ ಉಪಯೋಗ ಉಂಟು. ಹಾಗಂತ ಎಡವೋ ಬಲವೋ ಅಂತ ಖಾತ್ರಿಯಾಗಿ ಹೇಳುವ ಮಟ್ಟಕ್ಕೆ ಅದೂ ಬಂದಿಲ್ಲ. ಹೇಗೂ ಹೊಸ ಫೋನ್ ತಗೊಳ್ಳುವುದಿದ್ದರೆ ಇದನ್ನು ನೋಡಿ ತಗೊಳ್ಳಿ. ಇದಕ್ಕೋಸ್ಕರವೇ ತಗೊಳ್ಳಬೇಡಿ.

ಇನ್ನೊಂದು ಮಾತು. ಕೆಲವು ಆ್ಯಪ್‌ಗಳು "ನಿಖರತೆ 5 ಮೀಟರ್" ಅಂತ ಓದಿ ಹೇಳುತ್ತವೆ. ಅದು ಫೋನ್ ತನಗೆ ತಾನೇ ಕೊಟ್ಟುಕೊಂಡ ಅಂಕ. ಆಂಡ್ರಾಯ್ಡ್‌ನಲ್ಲಿ ಇದರ ಅರ್ಥ, ನೀವು ಆ 5 ಮೀಟರ್ ಸುತ್ತಿನೊಳಗೆ ಇರುವ ಸಾಧ್ಯತೆ ನೂರಕ್ಕೆ 68 ಅಂತ. ಅಂದರೆ ಸುಮಾರು ಮೂರರಲ್ಲಿ ಒಂದು ಸಲ ನೀವು ಅದರ ಹೊರಗೇ ಇರಬಹುದು. ಆದರೂ ಆ ಸಂಖ್ಯೆ ಕೆಲಸಕ್ಕೆ ಬರುತ್ತದೆ. 5 ಇದ್ದದ್ದು ಇದ್ದಕ್ಕಿದ್ದ ಹಾಗೆ 30 ಆಯಿತು ಅಂದರೆ ಮುಂದಿನ ಸ್ವಲ್ಪ ದೂರ ಅದರ ಮಾತನ್ನು ಅರ್ಧ ಕಿವಿಯಲ್ಲಿ ಮಾತ್ರ ಕೇಳಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಈಚೆಗೆ ದೃಷ್ಟಿ ಹೋಯಿತು. ಫೋನ್ ದಾರಿ ಹೇಳುತ್ತದಲ್ಲ, ಕೋಲು ಯಾಕೆ, ಎಲ್ಲರೂ ನೋಡುತ್ತಾರೆ ಅನ್ನುತ್ತಾನೆ. ಏನು ಹೇಳಲಿ?

ಕೋಲು ಬೇಕೇ ಬೇಕು ಅಂತ ಹೇಳಿ ಅಮ್ಮಾ, ಇದರಲ್ಲಿ ಚೌಕಾಸಿ ಇಲ್ಲ. ಒಂದು ಹೆಜ್ಜೆ ಮುಂದೆ ಗುಂಡಿ ಇದೆಯಾ, ಬೈಕ್ ನಿಂತಿದೆಯಾ, ಮೆಟ್ಟಿಲು ಇಳಿಯುತ್ತಿದೆಯಾ, ಇದ್ಯಾವುದೂ ಜಿಪಿಎಸ್‌ಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಮೊದಲು ಕೋಲು ಬಳಸುವ ಮೊಬಿಲಿಟಿ ಟ್ರೈನಿಂಗ್ ಆಗಲಿ. ಕಿವಿಯಿಂದ, ಕಾಲಿನಿಂದ ಜಾಗ ಗುರುತಿಸುವುದು ರೂಢಿಯಾಗಲಿ. ಆಮೇಲೆ ಫೋನ್. ಹಿಂದುಮುಂದಾದರೆ ಫೋನ್ ತಪ್ಪು ಹೇಳಿದಾಗ ತಪ್ಪು ಅಂತ ತಿಳಿಯುವ ದಾರಿಯೇ ಇರುವುದಿಲ್ಲ.

ಎಲ್ಲರೂ ನೋಡುತ್ತಾರೆ ಅನ್ನುವ ಅವನ ಮಾತನ್ನು ಬೈದು ತಳ್ಳಿಹಾಕಬೇಡಿ, ಈಚೆಗೆ ದೃಷ್ಟಿ ಹೋದವರಿಗೆ ಅದು ನಿಜವಾದ ಕಷ್ಟ. ಆದರೆ ಎದುರಿಗೆ ಬರುವವರಿಗೆ, ಗಾಡಿಯವರಿಗೆ ಬಿಳಿ ಕೋಲು ಕಾಣಬೇಕು ಅನ್ನುವುದೂ ಅದರ ಕೆಲಸವೇ ಅಲ್ವಾ? ನೀವು ಅವನ ಲೊಕೇಶನ್ ನೋಡುತ್ತಾ ಕೂರುವುದಾದರೆ ಅವನನ್ನು ಕೇಳಿಯೇ ಮಾಡಿ. ಚುಕ್ಕೆ ಕೆರೆಯ ಮಧ್ಯೆ ಹೋಗಿ ನಿಂತರೆ ಗಾಬರಿಯಾಗಬೇಡಿ, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ.

ಪ್ರಶ್ನೆ: "ಉತ್ತರಕ್ಕೆ ಹೊರಡಿ" ಅನ್ನುತ್ತದೆ. ಉತ್ತರ ಯಾವ ಕಡೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಜಂಕ್ಷನ್‌ನಲ್ಲಿ ನಿಂತು ಕೇಳಿದರೆ ಒಮ್ಮೆ ಬಲಕ್ಕೆ ಅನ್ನುತ್ತದೆ, ಇನ್ನೊಮ್ಮೆ ಹಿಂದಕ್ಕೆ ಅನ್ನುತ್ತದೆ.

ನಡೆಯುವವರಿಗೆ ಹೆಚ್ಚು ತೊಂದರೆ ಕೊಡುವುದು ಇದೇ. ನಾವೆಲ್ಲ ಉಪಗ್ರಹಕ್ಕೆ ಬೈಯುತ್ತೇವೆ, ತಪ್ಪು ಮಾಡುವುದು ಬಹಳ ಸಲ ದಿಕ್ಕಿನ ಲೆಕ್ಕ.

ನೀವು ಎಲ್ಲಿದ್ದೀರಿ ಅಂತ ಜಿಪಿಎಸ್‌ಗೆ ಗೊತ್ತು. ಯಾವ ಕಡೆ ಮುಖ ಮಾಡಿದ್ದೀರಿ ಅಂತ ಗೊತ್ತಿಲ್ಲ. ನಡೆಯುತ್ತಿದ್ದರೆ ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ಗೆರೆ ಎಳೆದು ದಿಕ್ಕು ಹಿಡಿಯುತ್ತದೆ. ನಿಂತುಬಿಟ್ಟರೆ ಗೆರೆಯೇ ಇಲ್ಲ. ಆಗ ಫೋನಿನೊಳಗಿನ ಕಾಂತೀಯ ದಿಕ್ಸೂಚಿಯನ್ನು ನಂಬಬೇಕಾಗುತ್ತದೆ, ಅದಕ್ಕೋ ಕಬ್ಬಿಣ ಕಂಡರೆ ಆಗುವುದಿಲ್ಲ. ಪಕ್ಕದಲ್ಲಿ ನಿಂತ ಕಾರು, ಫುಟ್‌ಪಾತಿನ ಕಂಬಿ, ಕಾಂಕ್ರೀಟಿನೊಳಗಿನ ಸರಳು, ಕೊನೆಗೆ ನಿಮ್ಮ ಫೋನ್ ಕವರಿನ ಮ್ಯಾಗ್ನೆಟ್ ಕೂಡ ಅದನ್ನು ದಾರಿ ತಪ್ಪಿಸುತ್ತದೆ. ಮ್ಯಾಗ್ನೆಟ್ ಇರುವ ಕವರ್ ಇದ್ದರೆ ಇವತ್ತೇ ತೆಗೆದುಬಿಡಿ. ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಕೆಲವು ಸಲ ಆಡಿಸಿದರೆ ದಿಕ್ಸೂಚಿ ಸ್ವಲ್ಪ ಸರಿಯಾಗುತ್ತದೆ. ಫೋನನ್ನು ಅಂಗೈ ಮೇಲೆ ಮಲಗಿಸಿ, ಮೇಲ್ತುದಿ ನಿಮ್ಮ ಎದೆಯಿಂದ ನೇರ ಮುಂದಕ್ಕೆ ಇರುವ ಹಾಗೆ ಹಿಡಿಯಬೇಕು. ಜೇಬಿನಲ್ಲಿ ಅಡ್ಡಡ್ಡ ಬಿದ್ದಿರುವ ಫೋನನ್ನು ನಿಂತಲ್ಲೇ ದಿಕ್ಕು ಕೇಳಿದರೆ ಅದು ಜೇಬಿನ ದಿಕ್ಕು ಹೇಳುತ್ತದೆ.

ಜಂಕ್ಷನ್‌ನಲ್ಲಿ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಮೂಲೆಗೆ ಬಂದು ನಿಂತಾಗ ಫೋನ್ "ಬಲಕ್ಕೆ" ಅಂದಿತು ಅಂದುಕೊಳ್ಳಿ. ತಕ್ಷಣ ತಿರುಗುವುದಿಲ್ಲ. ಮೊದಲು ಗಾಡಿಗಳ ಸದ್ದು ಕೇಳುತ್ತೇನೆ. ನಾನು ನಡೆದು ಬಂದ ರಸ್ತೆಯ ಗಾಡಿಗಳು ನನ್ನ ಭುಜದ ಪಕ್ಕದಲ್ಲಿ, ಹಿಂದಿನಿಂದ ಮುಂದಕ್ಕೆ ಒಂದೇ ಗೆರೆಯಲ್ಲಿ ಸಾಗಬೇಕು. ಆ ಸದ್ದು ಓರೆಯಾಗಿ ಕೇಳಿದರೆ ನಾನೇ ಓರೆಯಾಗಿ ನಿಂತಿದ್ದೇನೆ, ಅದನ್ನು ಮೊದಲು ಸರಿಮಾಡಿಕೊಳ್ಳಬೇಕು. ಅಡ್ಡ ರಸ್ತೆಯ ಗಾಡಿಗಳು ಮುಖದ ಮುಂದೆ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಹಾದುಹೋಗುತ್ತವೆ. ಈ ಎರಡು ಗೆರೆ ಮನಸ್ಸಿನಲ್ಲಿ ಕೂತ ಮೇಲೆ ಬಲಕ್ಕೆ ತಿರುಗಿ, ಫುಟ್‌ಪಾತ್ ಹಿಡಿದು, ಎಲ್ಲೂ ನಿಲ್ಲದೆ ಹದಿನೈದು ಇಪ್ಪತ್ತು ಮೀಟರ್ ಒಂದೇ ವೇಗದಲ್ಲಿ ನಡೆದು, ಇನ್ನೆಷ್ಟು ದೂರ ಅಂತ ಕೇಳುತ್ತೇನೆ. 240 ಇದ್ದದ್ದು 220 ಆಯಿತಾ, ಸರಿ. 260 ಆಯಿತಾ, ವಾಪಸ್ ಮೂಲೆಗೆ. ಫೋನಿನ ಎಡ ಬಲಕ್ಕಿಂತ ಈ ದೂರದ ಸಂಖ್ಯೆಯನ್ನು ನಾನು ಜಾಸ್ತಿ ನಂಬುತ್ತೇನೆ. ಅದರಲ್ಲಿ ದಿಕ್ಸೂಚಿಯ ಕೈವಾಡ ಇಲ್ಲ. ಒಂದೇ ಎಚ್ಚರ ಏನೆಂದರೆ, ದಾರಿ ಬಳಸಿಕೊಂಡು ಹೋಗುವಾಗ ನೇರ ದೂರ ಹೇಳುವ ಆ್ಯಪ್‌ನಲ್ಲಿ ಸಂಖ್ಯೆ ಸ್ವಲ್ಪ ಹೊತ್ತು ಏರಬಹುದು. ನಿಮ್ಮದು ಯಾವ ದೂರ ಹೇಳುತ್ತದೆ ಅಂತ ಮೊದಲೇ ತಿಳಿದುಕೊಂಡಿರಿ.

ರಸ್ತೆ ದಾಟುವ ವಿಷಯದಲ್ಲಿ ಫೋನಿನ ಮಾತು ಬೇಡವೇ ಬೇಡ. 2019ರಲ್ಲಿ ಗೂಗಲ್ ಮ್ಯಾಪ್ಸ್ ದೃಷ್ಟಿ ಇಲ್ಲದವರಿಗಾಗಿ ನಡಿಗೆಯಲ್ಲಿ ವಿವರವಾಗಿ ದಾರಿ ಹೇಳುವ ಸೌಲಭ್ಯ ತಂದಿತು. ದೊಡ್ಡ ಜಂಕ್ಷನ್ ಬರುತ್ತಿದೆ ಅಂತ ಎಚ್ಚರಿಸುತ್ತದೆ, ದಾರಿ ಬಿಟ್ಟರೆ ಹೇಳುತ್ತದೆ. ಒಳ್ಳೆಯದೇ. ಆದರೆ ಸಿಗ್ನಲ್ ಕೆಂಪಿದೆಯೋ ಹಸಿರಿದೆಯೋ, ಎದುರಿಗೆ ಲಾರಿ ಬರುತ್ತಿದೆಯೋ ಅನ್ನುವುದು ಮ್ಯಾಪಿನಲ್ಲಿ ಇರುವುದಿಲ್ಲ. ದಾಟುವಾಗ ಫೋನ್ ಬಾಯಿ ಮುಚ್ಚಿಸಿ, ಕಿವಿ ರಸ್ತೆಗೆ ಕೊಡಿ.

ಪ್ರಶ್ನೆ: ಬಸ್ಸಿನಲ್ಲಿ ಇಳಿಯುವ ಸ್ಟಾಪ್ ಬಂತಾ ಅಂತ ಪದೇ ಪದೇ ಪಕ್ಕದವರನ್ನು ಕೇಳಲು ಮುಜುಗರ. ಜಿಪಿಎಸ್ ಇಲ್ಲಿ ನಂಬಬಹುದಾ?

ಧಾರಾಳವಾಗಿ ನಂಬಿ. ಜಿಪಿಎಸ್ ಅತಿ ಚೆನ್ನಾಗಿ ಕೆಲಸಕ್ಕೆ ಬರುವುದೇ ಇಲ್ಲಿ. ಗಂಟೆಗೆ 40 ಕಿಲೋಮೀಟರ್ ಹೋಗುವ ಬಸ್ ಸೆಕೆಂಡಿಗೆ 11 ಮೀಟರ್ ದಾಟುತ್ತದೆ, ಐದು ಹತ್ತು ಮೀಟರ್ ತಪ್ಪಿದರೆ ಏನೂ ಆಗುವುದಿಲ್ಲ. ಸ್ಟಾಪಿಗೆ 500 ಮೀಟರ್ ಮೊದಲೇ ಎಚ್ಚರಿಸುವ ಹಾಗೆ ಇಟ್ಟರೆ ಎದ್ದು ಬಾಗಿಲ ಹತ್ತಿರ ಬರಲು ಮುಕ್ಕಾಲು ನಿಮಿಷ ಸಿಗುತ್ತದೆ. ಬಸ್ಸಿನ ತಗಡಿನ ಮೈ ಸಿಗ್ನಲ್ ತಡೆಯುತ್ತದೆ, ಕಿಟಕಿ ಪಕ್ಕ ಸಿಕ್ಕರೆ ಕೂತುಬಿಡಿ. ದಾರಿಯ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್ ಹೋದರೂ ಜಿಪಿಎಸ್ ಹೋಗುವುದಿಲ್ಲ. ಸುರಂಗದ ರೈಲಿನಲ್ಲಿ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಸ್ಟೇಷನ್ ಎಣಿಸಿ.

ಪ್ರಶ್ನೆ: "ನೀವು ತಲುಪಿದ್ದೀರಿ" ಅನ್ನುತ್ತದೆ. ಕೈ ಚಾಚಿದರೆ ಬರೀ ಗೋಡೆ. ಬಾಗಿಲು ಎಲ್ಲಿ?

ಬಹುಶಃ ಆ ಗೋಡೆಯ ಆಚೆ, ಮುಂದಿನ ರಸ್ತೆಯಲ್ಲಿ. ಇದು ಉಪಗ್ರಹದ್ದೂ ಅಲ್ಲ, ದಿಕ್ಸೂಚಿಯದ್ದೂ ಅಲ್ಲ, ಮ್ಯಾಪಿನ ತಪ್ಪು.

ಮ್ಯಾಪಿನಲ್ಲಿ ಒಂದು ಆಸ್ಪತ್ರೆ ಅಂದರೆ ಒಂದು ಚುಕ್ಕೆ. ಆ ಚುಕ್ಕೆ ಬಾಗಿಲಲ್ಲೇ ಇರಬೇಕು ಅಂತ ಏನೂ ಇಲ್ಲ. ಎಷ್ಟೋ ಸಲ ಕಟ್ಟಡದ ನಟ್ಟನಡುವೆ ಇರುತ್ತದೆ. ಕೆಲವು ಕಡೆ ರಸ್ತೆಯ ಈ ತುದಿಯಲ್ಲಿ ಮನೆ ನಂಬರ್ 1, ಆ ತುದಿಯಲ್ಲಿ 99, ಹಾಗಾದರೆ 50 ಮಧ್ಯದಲ್ಲಿ ಇರಬೇಕು ಅಂತ ಕಂಪ್ಯೂಟರ್ ಊಹಿಸಿ ಇಟ್ಟಿರುತ್ತದೆ. ಆಮೇಲೆ ಆ್ಯಪ್ ಆ ಚುಕ್ಕೆಗೆ ಹತ್ತಿರದ ರಸ್ತೆ ಯಾವುದು ಅಂತ ಹುಡುಕುತ್ತದೆ. ಹಿಂದಿನ ರಸ್ತೆ ಎರಡು ಮೀಟರ್ ಹತ್ತಿರ ಇದ್ದರೆ ನಿಮ್ಮನ್ನು ಹಿಂದಿನ ಕಾಂಪೌಂಡಿಗೆ ಕರೆದುಕೊಂಡು ಹೋಗಿ "ತಲುಪಿದ್ದೀರಿ" ಅಂದು ಸುಮ್ಮನಾಗುತ್ತದೆ. ಕಣ್ಣಿದ್ದವರು ಸುತ್ತ ನೋಡಿ ಬೋರ್ಡ್ ಹುಡುಕಿಕೊಳ್ಳುತ್ತಾರೆ, ಆದ್ದರಿಂದ ಆ್ಯಪ್ ಮಾಡುವವರಿಗೆ ಇದು ತಪ್ಪು ಅಂತಲೇ ಅನ್ನಿಸುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಉಪಗ್ರಹಕ್ಕೆ ಒಂದು ಮಿತಿ ಇದೆ ಅಂದರೆ ಒಪ್ಪಬಹುದು. ಬಾಗಿಲು ಎಲ್ಲಿದೆ ಅಂತ ಬರೆದಿಡದೆ ಇರುವುದು ಉದಾಸೀನ, ಅಷ್ಟೇ.

ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. ಮತ್ತೆ ಮತ್ತೆ ಹೋಗುವ ಜಾಗಕ್ಕೆ ಮೊದಲ ಸಲ ಯಾರ ಜೊತೆಗಾದರೂ ಹೋಗಿ. ಗೇಟಿನ ಎದುರೇ ಒಂದೆರಡು ನಿಮಿಷ ನಿಂತು, ಲೊಕೇಶನ್ ನೆಲೆಗೊಂಡ ಮೇಲೆ ಆ ಜಾಗವನ್ನು ನಿಮ್ಮದೇ ಹೆಸರು ಕೊಟ್ಟು ಸೇವ್ ಮಾಡಿಕೊಳ್ಳಿ. ಜೊತೆಗೆ ಕಾಲಿಗೆ ಕೈಗೆ ಸಿಗುವ ಗುರುತನ್ನೂ ಸೇರಿಸಿ. "ಗೇಟ್, ಮೊದಲು ಕಬ್ಬಿಣದ ಜಾಲರಿ, ಆಮೇಲೆ ಇಳಿಜಾರು" ಅಂತ. ಅಲ್ಲಿಗೆ ಹತ್ತಿರ ತರುವವರೆಗೆ ಫೋನ್, ಜಾಲರಿ ಹುಡುಕುವುದು ಕೋಲು. ಯಾರದ್ದಾದರೂ ಮನೆಗೆ ಹೋಗುವುದಿದ್ದರೆ ಲೊಕೇಶನ್ ಕಳಿಸಿ ಅಂತ ಕೇಳುತ್ತೀರಲ್ಲ, ಸೋಫಾದಲ್ಲಿ ಕೂತು ಕಳಿಸಬೇಡಿ, ಗೇಟಿಗೆ ಬಂದು ನಿಂತು ಕಳಿಸಿ ಅಂತ ಹೇಳಿ. ಮನೆಯೊಳಗೆ ಕೂತು ಕಳಿಸಿದ ಚುಕ್ಕೆ ಪಕ್ಕದ ಮನೆಯಲ್ಲಿರುವುದು ಮಾಮೂಲು. ಪ್ಲಸ್ ಕೋಡ್, ಅಂದರೆ ವಿಳಾಸದ ಬದಲು ಜಾಗ ಹೇಳುವ ಅಕ್ಷರ ಅಂಕಿಗಳ ಸಣ್ಣ ಗುರುತು, ಕಳಿಸುವವರಿದ್ದರೆ ಹತ್ತು ಅಕ್ಷರದ್ದು ಸುಮಾರು 14 ಮೀಟರ್ ಚೌಕವನ್ನು ತೋರಿಸುತ್ತದೆ, ಹನ್ನೊಂದು ಅಕ್ಷರದ್ದು ಸುಮಾರು 3 ಮೀಟರ್. ಹನ್ನೊಂದರದ್ದನ್ನೇ ಕೇಳಿ.

ಕಣ್ಣಿರುವ ಓದುಗರಿಗೂ ಒಂದು ಕೆಲಸ ಹೇಳುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಇದೆ, ಯಾರು ಬೇಕಾದರೂ ತಿದ್ದಬಹುದಾದ ಮ್ಯಾಪ್. ನಮ್ಮಂಥವರಿಗಾಗಿ ಮಾಡಿದ ಹಲವು ಆ್ಯಪ್‌ಗಳು ಅದರಿಂದಲೇ ಮಾಹಿತಿ ತೆಗೆದುಕೊಳ್ಳುತ್ತವೆ. ಅದರಲ್ಲಿ ಕಟ್ಟಡದ ಬಾಗಿಲನ್ನು ಬೇರೆಯಾಗಿ ಗುರುತು ಮಾಡುವ ಅವಕಾಶ ಇದೆ. ನೀವು ದಿನಾ ಹೋಗುವ ಕಟ್ಟಡದ ಬಾಗಿಲನ್ನು ಗುರುತು ಮಾಡಿ.

ಪ್ರಶ್ನೆ: ದೊಡ್ಡ ಕಟ್ಟಡ, ಏರ್‌ಪೋರ್ಟ್ ಒಳಗೆ ಕೆಲಸ ಮಾಡುತ್ತದಾ?

ಇಲ್ಲ. ಛಾವಣಿ ದಾಟಿ ಬರುವಷ್ಟು ಶಕ್ತಿ ಆ ಸಿಗ್ನಲ್‌ಗೆ ಇರುವುದಿಲ್ಲ. ಒಳಗೆ ದಾರಿ ಹೇಳಲು ಬ್ಲೂಟೂತ್ ಬೀಕನ್‌ನಂಥ (ಗೋಡೆಯ ಮೇಲಿಂದ ಫೋನಿಗೆ ಸಿಗ್ನಲ್ ಕಳಿಸುವ ಪುಟ್ಟ ಪೆಟ್ಟಿಗೆ) ಬೇರೆ ವ್ಯವಸ್ಥೆ ಬೇಕು. ಅದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವೂ 2017ರಲ್ಲಿ ಬಂದಿದೆ. ಆದರೆ ಕಟ್ಟಡದವರು ಅದನ್ನು ಹಾಕಿಸಿರಬೇಕಲ್ಲ. ಹಾಕಿಸಿಲ್ಲದ ಕಡೆ ಬಾಗಿಲಲ್ಲೇ ಸಿಬ್ಬಂದಿಯ ಸಹಾಯ ಕೇಳಿ.

ಪ್ರಶ್ನೆ: ನನಗೆ ಅರವತ್ತು ದಾಟಿದೆ. ಇಷ್ಟು ವರ್ಷ ಜನರನ್ನು ಕೇಳಿಕೊಂಡೇ ಓಡಾಡಿದ್ದೇನೆ. ಇಷ್ಟೆಲ್ಲ ತಪ್ಪು ಹೇಳುವ ಯಂತ್ರ ಯಾಕೆ ಬೇಕು ಸ್ವಾಮಿ?

ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ ಹಿರಿಯರೇ. ಕೊನೆಯ ಹತ್ತು ಮೀಟರಿಗೆ ಮನುಷ್ಯರನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಆದರೆ ಮನುಷ್ಯರೂ ತಪ್ಪು ಹೇಳುತ್ತಾರೆ, ಅದೂ ಬಹಳ ಪ್ರೀತಿಯಿಂದ. "ಅಗೋ ಅಲ್ಲಿ" ಅಂತ ಕೈ ತೋರಿಸಿ ಹೊರಟುಹೋಗುತ್ತಾರೆ. ಕೇಳದೇ ಇದ್ದರೂ ತೋಳು ಹಿಡಿದು ರಸ್ತೆ ದಾಟಿಸಿಬಿಡುತ್ತಾರೆ, ನಾವು ದಾಟಬೇಕಾಗಿರುವುದಿಲ್ಲ. ರಾತ್ರಿ ಹೊತ್ತು, ಮಳೆಯಲ್ಲಿ ಕೇಳಲು ಯಾರೂ ಇರುವುದಿಲ್ಲ.

ಜಿಪಿಎಸ್‌ನ ದೊಡ್ಡ ಉಪಯೋಗ ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅನ್ನುವುದರಲ್ಲಿ ಇಲ್ಲ ಅಂತ ನನ್ನ ಅನಿಸಿಕೆ. ನಾನು ಈಗ ಯಾವ ರಸ್ತೆಯಲ್ಲಿದ್ದೇನೆ, ಸುತ್ತ ಏನೇನಿದೆ, ಟ್ಯಾಕ್ಸಿಯವನು ಸರಿ ದಾರಿಯಲ್ಲಿ ಹೋಗುತ್ತಿದ್ದಾನಾ ಇಲ್ಲ ಊರು ಸುತ್ತಿಸುತ್ತಿದ್ದಾನಾ, ಇವಕ್ಕೆಲ್ಲ ಹತ್ತು ಮೀಟರ್ ತಪ್ಪಿದ್ದರೂ ನಡೆಯುತ್ತದೆ. ಇದು ಗೊತ್ತಿದ್ದರೆ ಜನರನ್ನು ಕೇಳುವ ರೀತಿಯೂ ಬದಲಾಗುತ್ತದೆ. "ಬ್ಯಾಂಕ್ ಎಲ್ಲಿದೆ?" ಅಂದರೆ ಕೈ ತೋರಿಸುತ್ತಾರೆ. "ಬ್ಯಾಂಕಿನ ಗೇಟ್ ಇದೇನಾ?" ಅಂದರೆ ಹೌದು ಅಥವಾ ಅಲ್ಲ ಅಂತಲೇ ಹೇಳಬೇಕು. ಆ ಪ್ರಶ್ನೆ ಕೇಳುವಷ್ಟು ಹತ್ತಿರಕ್ಕೆ ಫೋನ್ ತಂದು ಬಿಡುತ್ತದೆ. ಒಂದು ಸಲ ಗೊತ್ತಿರುವ ದಾರಿಯಲ್ಲೇ ಹಾಕಿಕೊಂಡು ನಡೆದು ನೋಡಿ, ದಾರಿಯಲ್ಲಿ ಇಷ್ಟೆಲ್ಲ ಅಂಗಡಿಗಳಿದ್ದವಾ ಅನ್ನಿಸುತ್ತದೆ.

ಪ್ರಶ್ನೆ: ಯಾವ ಆ್ಯಪ್ ಒಳ್ಳೆಯದು? ನಾನು ಬಳಸುತ್ತಿದ್ದ ಸೌಂಡ್‌ಸ್ಕೇಪ್ ನಿಂತೇ ಹೋಯಿತಲ್ಲ.

ನಂಬಿಕೆ ಅಂದಾಗ ನಾವು ಮೀಟರ್ ಲೆಕ್ಕ ಮಾತ್ರ ನೋಡುತ್ತೇವೆ, ಆ್ಯಪ್ ಎಷ್ಟು ದಿನ ಬದುಕುತ್ತದೆ ಅಂತ ನೋಡುವುದಿಲ್ಲ. ಜಿಪಿಎಸ್‌ನಿಂದ ಕಣ್ಣು ಕಾಣದವರಿಗೆ ದಾರಿ ತೋರಿಸಬಹುದು ಅಂತ ಜ್ಯಾಕ್ ಲೂಮಿಸ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 1985ರಲ್ಲೇ ಹೇಳಿದ್ದರು. ಮೊದಮೊದಲು ಅದರ ಸಲಕರಣೆಯನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕಿತ್ತು. ಸಾಲದ್ದಕ್ಕೆ 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರ ಜಿಪಿಎಸ್‌ನಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿತ್ತು, ನೂರು ಮೀಟರ್‌ವರೆಗೂ ತಪ್ಪುತ್ತಿತ್ತು. ಅದು ನಿಂತ ಮೇಲೆ ಟ್ರೆಕ್ಕರ್‌ನಂಥ ಕೈಯಲ್ಲಿ ಹಿಡಿಯುವ ಸಾಧನಗಳು ಬಂದವು, ಹೋದವು. 2012ರಲ್ಲಿ ಫಿನ್‌ಲೆಂಡ್‌ನಿಂದ ಬ್ಲೈಂಡ್‌ಸ್ಕ್ವೇರ್ ಅನ್ನುವ ಆ್ಯಪ್ ಬಂತು. 2018ರಲ್ಲಿ ಮೈಕ್ರೋಸಾಫ್ಟ್‌ನ ಸೌಂಡ್‌ಸ್ಕೇಪ್. ಹೋಗಬೇಕಾದ ಜಾಗದ ಕಡೆಯಿಂದಲೇ ಸದ್ದು ಬಂದ ಹಾಗೆ ಕೇಳಿಸುವುದು ಅದರ ಗುಣ, ಬಹಳ ಜನಕ್ಕೆ ಹಿಡಿಸಿತ್ತು. 2023ರಲ್ಲಿ ಕಂಪನಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟು ಸೇವೆ ನಿಲ್ಲಿಸಿತು. ಆ ಕೋಡಿನಿಂದ ಹುಟ್ಟಿದ ವಾಯ್ಸ್‌ವಿಸ್ಟಾ ಈಗ ಐಫೋನ್‌ನಲ್ಲಿ ಇದೆ. ನಿಮಗೆ ಅದೇ ಅಭ್ಯಾಸ ಆಗಿದ್ದರೆ ಅದನ್ನು ನೋಡಿ.

ನನ್ನ ಸಲಹೆ, ಒಂದೇ ಆ್ಯಪ್‌ಗೆ ಜೋತುಬೀಳಬೇಡಿ. ದಾರಿ ಹೇಳಲು ಒಂದು, ಸುತ್ತ ಏನಿದೆ ಅಂತ ಹೇಳಲು ಇನ್ನೊಂದು ಇಟ್ಟುಕೊಳ್ಳಿ. ಸೇವ್ ಮಾಡಿದ ಜಾಗಗಳನ್ನು ಫೈಲ್ ಆಗಿ ಹೊರಗೆ ತೆಗೆಯಲು ಬರುತ್ತದಾ ಅಂತ ಮೊದಲ ದಿನವೇ ಪರೀಕ್ಷೆ ಮಾಡಿ. ವರ್ಷಗಟ್ಟಲೆ ಕೂಡಿಟ್ಟ ಗೇಟುಗಳು, ತಿರುವುಗಳು ಆ್ಯಪ್ ಜೊತೆಗೆ ಮುಳುಗಿಹೋದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಇಯರ್‌ಫೋನ್ ಹಾಕಿಕೊಂಡರೆ ಗಾಡಿ ಸದ್ದು ಕೇಳುವುದಿಲ್ಲ. ಹಾಕದಿದ್ದರೆ ಫೋನ್ ಹೇಳಿದ್ದು ಕೇಳುವುದಿಲ್ಲ. ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಕಿವಿಯೊಳಗೆ ತುರುಕುವುದು ಬೇಡ. ಕಿವಿಯ ಮುಂದಿನ ಮೂಳೆಯ ಮೇಲೆ ಕೂರುವ ಬೋನ್ ಕಂಡಕ್ಷನ್ ಹೆಡ್‌ಫೋನ್ ಬರುತ್ತದೆ, ಕಿವಿ ತೆರೆದೇ ಇರುತ್ತದೆ. ಅದು ಇಲ್ಲದಿದ್ದರೆ ಫೋನನ್ನು ಎದೆಯ ಜೇಬಿನಲ್ಲಿಟ್ಟು ಸ್ಪೀಕರಿನಲ್ಲೇ ಕೇಳಿ. ಬ್ಯಾಟರಿಗೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಮತ್ತು ಐಫೋನ್‌ನ ವಾಯ್ಸ್‌ಓವರ್ ಎರಡರಲ್ಲೂ ಪರದೆಯನ್ನು ಕಪ್ಪು ಮಾಡಿಡುವ ಆಯ್ಕೆ ಇದೆ, ಅದನ್ನು ಹಾಕಿಡಿ, ಸ್ವಲ್ಪ ಉಳಿಯುತ್ತದೆ. ಪವರ್ ಬ್ಯಾಂಕ್ ಬ್ಯಾಗಿನ ಒಂದೇ ಜೇಬಿನಲ್ಲಿ, ಕೇಬಲ್ ಸಿಕ್ಕಿಸಿಯೇ ಇರಲಿ. ನಡುದಾರಿಯಲ್ಲಿ ಫೋನ್ ಆರಿಹೋದರೆ ಅಂದಾಜಿನ ಮೇಲೆ ಮುಂದಕ್ಕೆ ಹೋಗಬೇಡಿ, ಕೊನೆಯದಾಗಿ ಖಾತ್ರಿಯಾಗಿ ಗೊತ್ತಿದ್ದ ಗುರುತಿಗೆ ವಾಪಸ್ ಬಂದು ಅಲ್ಲೇ ಚಾರ್ಜ್‌ಗೆ ಹಾಕಿ.